ಒಂದರಲ್ಲೇ ನಿಲ್ಲದ ವಿಟ್ಲದ ಮನೋಹರ್

ನಮ್ಮ ಮೂರು ತಾಲೂಕು, ನಮ್ಮ ಹಾಡು 🎶 ಕಂತು 7

(ಸ್ವಲ್ಪ ಉದ್ದ ಉಂಟು. ಕ್ಯಾಪ್ಷನಲ್ಲಿ ಹಿಡಿಯದ್ದನ್ನು ಸ್ಲೈಡಲ್ಲಿ ಹಾಕಿದ್ದೇನೆ. ಸೇವ್ ಮಾಡಿಟ್ಟು ಬಸ್ಸಲ್ಲಿ ಓದಿದ್ರೂ ಆಯ್ತು.)

1/6

ಮೊದಲು ಒಂದು ಕ್ವಿಜ್. ಗೂಗಲ್ ಮಾಡ್ಲಿಕ್ಕಿಲ್ಲ.

‘ಅನುಭವ’, ‘ತರ್ಲೆ ನನ್ಮಗ’, ‘ಜನುಮದ ಜೋಡಿ’, ‘ಓ ಮಲ್ಲಿಗೆ’, ‘ದುನಿಯಾ’. ಈ ಐದು ಸಿನಿಮಾಗಳ ಹಾಡುಗಳ ಹಿಂದೆ ಇರುವ ಒಬ್ಬರು ಯಾರು?

ಹೀರೋ ಅಲ್ಲ. ಐದರಲ್ಲೂ ಹೀರೋ ಬೇರೆ ಬೇರೆ. ಗಾಯಕರೂ ಅಲ್ಲ. ಉತ್ತರ ವಿ. ಮನೋಹರ್. ಆ ‘ವಿ’ ಅಂದ್ರೆ ವಿಟ್ಲ. ಹೌದು, ನಮ್ಮದೇ ಬಂಟ್ವಾಳ ತಾಲೂಕಿನ ವಿಟ್ಲ. ಬಿ.ಸಿ. ರೋಡಿನ ಬಸ್‌ಸ್ಟ್ಯಾಂಡಲ್ಲಿ ನೀವು ದಿನಾ ಬೋರ್ಡ್ ನೋಡ್ತೀರಲ್ಲ, ಅದೇ ಊರು.

ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು ಅಂತ ಕಾಮೆಂಟಲ್ಲಿ ಹೇಳಿ. ಗೊತ್ತಿಲ್ಲದಿದ್ರೆ ನಾಚಿಕೆ ಬೇಡ. ಗೊತ್ತಾಗದ ಹಾಗೆ ಒಂದು ವ್ಯವಸ್ಥೆಯೇ ಉಂಟು. ಇವತ್ತಿನ ಕಂತಿನಲ್ಲಿ ಅದರ ಬಗ್ಗೆ ಮಾತು.

ಇನ್ನೊಂದು ವಿಷಯವೂ ಉಂಟು. ನಮ್ಮ ವಯಸ್ಸಿನವರಿಗೆ ಎಲ್ಲರೂ ಕೊಡುವ ಒಂದು ಬುದ್ಧಿಮಾತು: “ಒಂದರಲ್ಲಿ ನಿಲ್ಲು ಮಾರಾಯ. ಬರೀತಿ, ಹಾಡ್ತಿ, ನಾಟಕ ಮಾಡ್ತಿ, ಯಾವುದೂ ಆಗುದಿಲ್ಲ.” ಮನೆಯಲ್ಲೂ ಇದೇ, ಕ್ಲಾಸಲ್ಲೂ ಇದೇ. ಈಗ ಅಲ್ಗಾರಿದಮ್ ಕೂಡ ಇದನ್ನೇ ಹೇಳ್ತದೆ, ಒಂದೇ ತರದ್ದು ಹಾಕು, ರೀಚ್ ಬರ್ತದೆ ಅಂತ. ಈ ಮಾತು ಅರ್ಧ ಸುಳ್ಳು ಅಂತ ನನ್ನ ವಾದ. ಅದಕ್ಕೆ ಮನೋಹರ್ ಅವರ ಕೆಲಸವೇ ಸಾಕ್ಷಿ.

2/6

ಕತೆ ಶುರುವಾಗುವುದು ಬರವಣಿಗೆಯಿಂದ. 1984ರ ‘ಅನುಭವ’ ಕಾಶೀನಾಥ್ ಅವರ ಸಿನಿಮಾ. ಕಾಶೀನಾಥ್ ಕುಂದಾಪುರ ಕಡೆಯವರು. ದೊಡ್ಡ ಸ್ಟಾರ್ ಇಲ್ಲ, ದೊಡ್ಡ ಬಜೆಟ್ ಇಲ್ಲ, ಬೇರೆಯವರು ಮುಟ್ಟದ ವಿಷಯ ಉಂಟು, ಇದು ಅವರ ದಾರಿ. ಇವತ್ತು ನಾವು ಇಂಡೀ ಅಂತ ಕರೆಯುವುದನ್ನು ಅವರು ಆಗಲೇ ಮಾಡ್ತಿದ್ರು. ಆ ಸಿನಿಮಾಕ್ಕೆ ಸಂಗೀತ ಎಲ್. ವೈದ್ಯನಾಥನ್ ಅವರದ್ದು, ಸಾಹಿತ್ಯ ಮನೋಹರ್ ಅವರದ್ದು.

ಅದೇ ಕಾಶೀನಾಥ್ ಬಳಗದಲ್ಲಿ ಇನ್ನೊಬ್ಬ ಹುಡುಗ ಇದ್ದ, ಉಪೇಂದ್ರ. 1992ರಲ್ಲಿ ಉಪೇಂದ್ರ ಮೊದಲ ಸಲ ನಿರ್ದೇಶಕರಾದ್ರು. ಸಿನಿಮಾ ‘ತರ್ಲೆ ನನ್ಮಗ’, ಹೀರೋ ಜಗ್ಗೇಶ್. ಸಂಗೀತ ನಿರ್ದೇಶಕರಾಗಿ ಮನೋಹರ್ ಅವರ ಮೊದಲ ಸಿನಿಮಾವೂ ಅದೇ.

1996ರಲ್ಲಿ ‘ಜನುಮದ ಜೋಡಿ’. ಟಿ.ಎಸ್. ನಾಗಾಭರಣ ನಿರ್ದೇಶನ, ಶಿವರಾಜ್‌ಕುಮಾರ್ ನಾಯಕ. ಕತೆಗೆ ಮೂಲ ಪನ್ನಾಲಾಲ್ ಪಟೇಲ್ ಅವರ ಗುಜರಾತಿ ಕಾದಂಬರಿ. ಹಾಡುಗಳ ಮಣ್ಣು ಮಾತ್ರ ಹಳೇ ಮೈಸೂರು ಕಡೆಯದ್ದು. ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ಅಡಿಕೆ ತೋಟ, ತುಳು ಮಾತು, ಯಕ್ಷಗಾನದ ಚೆಂಡೆ, ಪಾಡ್ದನ, ಭಜನೆ, ಇದು ವಿಟ್ಲದ ಕಿವಿ. ಕಂಸಾಳೆ, ನೀಲಗಾರರ ಪದ ನಮ್ಮ ಗದ್ದೆಯಲ್ಲಿ ಬೆಳೆದದ್ದಲ್ಲ. ಆದ್ರೂ ಆ ಸಿನಿಮಾದ ಜಾನಪದ ಹಾಡು ಕೇಳಿ ಚಾಮರಾಜನಗರ, ಮಂಡ್ಯದವರು “ಇದು ನಮ್ಮದು” ಅಂದ್ರು. ಎಲ್.ಎನ್. ಶಾಸ್ತ್ರಿ ಅವರಿಗೆ ಅದೇ ಸಿನಿಮಾದ ಹಾಡಿಗೆ ರಾಜ್ಯ ಪ್ರಶಸ್ತಿ ಬಂತು.

ಮರುವರ್ಷ, 1997, ‘ಓ ಮಲ್ಲಿಗೆ’. ರಮೇಶ್ ಅರವಿಂದ್ ನಾಯಕ. ಇದರಲ್ಲಿ ಸಂಗೀತ ಮಾತ್ರ ಅಲ್ಲ, ನಿರ್ದೇಶನವೂ ಮನೋಹರ್ ಅವರದ್ದೇ. 2000ದಲ್ಲಿ ‘ಇಂದ್ರಧನುಷ್’ ನಿರ್ದೇಶಿಸಿದ್ರು. ನಟನೆಯನ್ನೂ ಮಾಡಿದ್ರು. ತುಳು ಸಿನಿಮಾಗಳಿಗೂ ಸಂಗೀತ ಕೊಟ್ರು.

ಮತ್ತೆ 2007, ‘ದುನಿಯಾ’. ಸೂರಿ ಅವರ ಮೊದಲ ನಿರ್ದೇಶನ, ವಿಜಯ್ ನಾಯಕನಾದ ಮೊದಲ ಸಿನಿಮಾ. ಸಂಗೀತ ಯಾರದ್ದು? ಅದೇ ವಿಟ್ಲದವರದ್ದು.

3/6

ಈಗ ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. 1992ರಲ್ಲಿ ಉಪೇಂದ್ರರ ಮೊದಲ ಸಿನಿಮಾ, 2007ರಲ್ಲಿ ಸೂರಿಯ ಮೊದಲ ಸಿನಿಮಾ. ಮಧ್ಯೆ ಹದಿನೈದು ವರ್ಷ. ಕನ್ನಡದಲ್ಲಿ ಎರಡು ಬೇರೆ ಬೇರೆ ಹೊಸ ಅಲೆ ಎದ್ದಾಗ ಎರಡರ ಬುಡದಲ್ಲೂ ಒಬ್ಬರೇ ಕೂತಿದ್ದಾರೆ. ಇದು ಬರೀ ಅದೃಷ್ಟ ಅಂತ ನನಗೆ ಅನಿಸುದಿಲ್ಲ.

ಹೊಸಬರ ಕೈಯಲ್ಲಿ ದುಡ್ಡು ಕಮ್ಮಿ ಇರ್ತದೆ, ತಲೆಯಲ್ಲಿ ಐಡಿಯಾ ಜಾಸ್ತಿ ಇರ್ತದೆ. ಅವರಿಗೆ “ನನ್ನ ಸ್ಟೈಲ್ ಇದು, ಬೇಕಾದ್ರೆ ತಗೊಳ್ಳಿ” ಅನ್ನುವವರು ಆಗ್ಲಿಕ್ಕಿಲ್ಲ. ಸನ್ನಿವೇಶ ಕೇಳಿದ ಕೂಡ್ಲೇ ಮಾತೂ ಹೊಳೆಯಬೇಕು, ಟ್ಯೂನೂ ಹೊಳೆಯಬೇಕು, ಆ ಶಾಟ್ ಹೇಗೆ ಬರಬಹುದು ಅಂತಲೂ ಕಾಣಬೇಕು. ಬರೆದು ಗೊತ್ತಿರುವವನ ಟ್ಯೂನಲ್ಲಿ ಪದಕ್ಕೆ ಉಸಿರಾಡ್ಲಿಕ್ಕೆ ಜಾಗ ಇರ್ತದೆ. ನಿರ್ದೇಶನ ಗೊತ್ತಿರುವವನಿಗೆ ಹಾಡು ಕತೆಯನ್ನು ನಿಲ್ಲಿಸಬಾರದು ಅಂತ ಗೊತ್ತಿರ್ತದೆ. ನಟಿಸಿದವನಿಗೆ ಯಾವ ಸಾಲನ್ನು ಬಾಯಲ್ಲಿ ಹೇಳ್ಲಿಕ್ಕೆ ಆಗುದಿಲ್ಲ ಅಂತ ತಿಳಿದಿರ್ತದೆ.

ಅಂದ್ರೆ ನಾಲ್ಕು ಕೆಲಸ ನಾಲ್ಕು ಕಡೆಗೆ ಎಳೆದದ್ದಲ್ಲ. ನಾಲ್ಕೂ ಬಂದು ಹಾಡಿಗೇ ಗೊಬ್ಬರ ಆದದ್ದು. “ಒಂದರಲ್ಲಿ ನಿಲ್ಲು” ಅನ್ನುವವರು ಬೇರನ್ನೂ ಕೊಂಬೆಯನ್ನೂ ಒಂದೇ ಅಂದ್ಕೊಳ್ತಾರೆ. ಬೇರು ಒಂದೇ ಕಡೆ ಇರಲಿ, ಅದು ಸರಿ. ಕೊಂಬೆ ಹತ್ತು ಕಡೆ ಹೋದ್ರೆ ಎಂತ ತೊಂದರೆ?

4/6

ಈಗ ಆ ಬುದ್ಧಿಮಾತಿನ ನಿಜವಾದ ಅರ್ಧ. ಅದನ್ನು ಮುಚ್ಚಿಟ್ರೆ ಮೋಸ ಆಗ್ತದೆ.

ಬಹುಮುಖಿಗೆ ಒಂದು ಬೆಲೆ ಉಂಟು, ಹೆಸರು ಅಂಟಿಕೊಳ್ಳುದಿಲ್ಲ. ಹಂಸಲೇಖ ಅಂದ ಕೂಡ್ಲೇ ನಿಮಗೆ ಒಂದು ಸದ್ದು ಕೇಳ್ತದೆ. ಗುರುಕಿರಣ್ ಅಂದ್ರೂ ಹಾಗೇ, ಅವರೂ ಮಂಗಳೂರಿನವರು, 1998ರ ‘ಎ’ ಸಿನಿಮಾದಿಂದ ಒಂದು ಬೀಟ್‌ಗೆ ಅವರ ಹೆಸರು ಅಂಟಿಬಿಟ್ಟಿತು. ಮನೋಹರ್ ಅಂದ್ರೆ? ಒಮ್ಮೆ ಜಾನಪದ, ಒಮ್ಮೆ ತಮಾಷೆ, ಒಮ್ಮೆ ಮೆಲೊಡಿ, ಒಮ್ಮೆ ಬೆಂಗಳೂರಿನ ಗಲ್ಲಿಯ ಧೂಳು. ಹಾಡು ಎಲ್ಲರ ಬಾಯಲ್ಲಿ ಉಂಟು, ಹೆಸರು ಇಲ್ಲ.

ಹೊರಗಿನ ಒಂದು ಹೋಲಿಕೆ ಕೊಡ್ತೇನೆ. ಇಂಗ್ಲೆಂಡಿನ ನ್ಯೂ ವೇವ್ ಕಾಲದ ಎಲ್ವಿಸ್ ಕಾಸ್ಟೆಲೊ ಗೊತ್ತಾ? ಆಫೀಸಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದವ. 1977ರಲ್ಲಿ ಮೊದಲ ಆಲ್ಬಮ್. 1993ರಲ್ಲಿ ಪಿಟೀಲು, ಚೆಲ್ಲೊ ಇರುವ ಬ್ರಾಡ್ಸ್ಕಿ ಕ್ವಾರ್ಟೆಟ್ ಜೊತೆ ಇನ್ನೊಂದು ತರದ ಆಲ್ಬಮ್, 1998ರಲ್ಲಿ ಬರ್ಟ್ ಬ್ಯಾಕರ‍್ಯಾಕ್ ಜೊತೆ ಪೂರಾ ಬೇರೆಯೇ. ಅವನೂ ಒಂದರಲ್ಲಿ ನಿಲ್ಲಲಿಲ್ಲ. ಆದ್ರೆ ಎಲ್ಲಿಗೆ ಹೋದ್ರೂ ಕವರಿನ ಮೇಲೆ ಅವನದೇ ಹೆಸರು, ಅವನದೇ ಮುಖ, ಅವನದೇ ದನಿ. ಹಾಗಾಗಿ ಜನ ಅವನ ಹಿಂದೆ ಹೋದ್ರು.

ನಮ್ಮಲ್ಲಿ ಹಾಡು ಅಂದ್ರೆ ಹೆಚ್ಚಾಗಿ ಸಿನಿಮಾ ಹಾಡು. ಬರೆದವರು ಒಬ್ಬರು, ಟ್ಯೂನ್ ಮಾಡಿದವರು ಒಬ್ಬರು, ಹಾಡಿದವರು ಒಬ್ಬರು, ಕುಣಿದವರು ಇನ್ನೊಬ್ಬರು. ನೆನಪಲ್ಲಿ ಉಳಿಯುವುದು ಕುಣಿದವರ ಮುಖ, ಆಮೇಲೆ ಹಾಡಿದವರ ದನಿ. ಬರೆದವರು ಟೈಟಲ್ ಕಾರ್ಡಲ್ಲಿ ಎರಡು ಸೆಕೆಂಡ್. ಈಗ ರೀಲ್ಸಲ್ಲಿ ಅದೂ ಇಲ್ಲ. ‘ಒರಿಜಿನಲ್ ಆಡಿಯೋ’ ಅಂತ ಯಾವುದೋ ಮೀಮ್ ಪೇಜಿನ ಹೆಸರು ಬರ್ತದೆ. ಯಾರದ್ದೋ ಬೆವರಿಗೆ ಯಾರದ್ದೋ ಹೆಸರು.

5/6

“ಹಾಡುವವರೇ ಬರೆಯುವುದು ಫಾರಿನ್ ಕಲ್ಚರ್” ಅಂತ ಹೇಳುವವರಿಗೆ ನಮ್ಮ ಊರಿನ ಲೆಕ್ಕ ಕೊಡಿ.

ಮೂಡುಬಿದಿರೆ ಹತ್ತಿರ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು. ಕಟೀಲು ಮೇಳದ ಭಾಗವತರಾಗಿ ರಾತ್ರಿ ರಾತ್ರಿ ಹಾಡಿದವರು. ‘ಬಲಿಪ ಶೈಲಿ’ ಅಂತ ಒಂದು ಹಾದಿಗೆ ಅವರ ಮನೆತನದ ಹೆಸರೇ ಉಂಟು. ಹಾಡಿದ್ದು ಮಾತ್ರ ಅಲ್ಲ, ಐದು ದಿನ ಆಡುವ ‘ದೇವೀ ಮಹಾತ್ಮೆ’ ಸೇರಿ ಹಲವು ಪ್ರಸಂಗಗಳನ್ನು ಬರೆದರು. 2023ರಲ್ಲಿ ತೀರಿಕೊಂಡರು. ಗಿಟಾರ್ ಬದಲು ಜಾಗಟೆ, ಅಷ್ಟೇ ವ್ಯತ್ಯಾಸ. ನನ್ನ ಪ್ರಕಾರ ಅವರು ಪಕ್ಕಾ ಸಿಂಗರ್-ಸಾಂಗ್‌ರೈಟರ್.

ಇನ್ನೂ ಹಿಂದೆ ಹೋದ್ರೆ ಅದೇ ಮೂಡುಬಿದಿರೆಯ ರತ್ನಾಕರವರ್ಣಿ, 16ನೇ ಶತಮಾನ. ‘ಭರತೇಶ ವೈಭವ’ ಬರೆದದ್ದು ಸಾಂಗತ್ಯದಲ್ಲಿ. ಸಾಂಗತ್ಯ ಅಂದ್ರೆ ಹಾಡಿಕೊಳ್ಳುವ ಛಂದಸ್ಸು.

ಮತ್ತೆ ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು. ನೀವು ಒಂದನೇ ಕ್ಲಾಸಲ್ಲಿ ಕುಣಿದುಕೊಂಡು ಹೇಳಿದ ಹಾವಿನ ಪದ್ಯ ಅವರದ್ದು. ಅವರೂ ಒಂದರಲ್ಲಿ ನಿಂತವರಲ್ಲ. ಮೇಷ್ಟ್ರು, ಕತೆಗಾರ, ಕವಿ, ಎಲ್ಲ ಆಗಿದ್ರು. ಇಡೀ ಕರ್ನಾಟಕದ ಮಕ್ಕಳ ಬಾಯಲ್ಲಿ ಅವರ ಪದ್ಯ ಉಂಟು. ಅದು ಬಂಟ್ವಾಳದ್ದು ಅಂತ ಬಂಟ್ವಾಳದ ಮಕ್ಕಳಿಗೇ ಗೊತ್ತಿಲ್ಲ.

ನಮ್ಮ ರೋಗ ಇದು. ನಮಗೆ ಹಾಡು ಬೇಕು, ಹಾಡು ಮಾಡಿದವರ ವಿಳಾಸ ಬೇಡ.

6/6

“ಹೆಸರು ಇಲ್ಲದಿದ್ರೆ ಎಂತ ಆಯ್ತು, ಹಾಡು ಉಳಿದ್ರೆ ಸಾಕಲ್ಲ?” ಅಂತ ಕೆಲವರು ಕೇಳ್ಬಹುದು. ಕೇಳ್ಲಿಕ್ಕೆ ಚಂದ ಉಂಟು. ಆದ್ರೆ ಹೆಸರಿನ ಹಿಂದೆ ಹೊಟ್ಟೆಪಾಡು ಉಂಟು ಮಾರಾಯ್ರೆ.

ನಮ್ಮ ದೇಶದ ಕಾಪಿರೈಟ್ ಕಾನೂನು 2012ರಲ್ಲಿ ಬದಲಾಯ್ತು. ಈಗ ಸಿನಿಮಾ ಹಾಡು ಥಿಯೇಟರ್ ಬಿಟ್ಟು ಬೇರೆ ಕಡೆ ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ಬರೆದವರಿಗೂ ಟ್ಯೂನ್ ಮಾಡಿದವರಿಗೂ ಸಮಪಾಲು ಹಕ್ಕು. ಆ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಡ್ಲಿಕ್ಕೂ ಬರುದಿಲ್ಲ. ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಮೇಲೆ ಹೇಳಿದ ಐದೂ ಸಿನಿಮಾಗಳು 1984ರಿಂದ 2007ರ ಒಳಗಿನವು. ಕಾನೂನು ಬರುವ ಮೊದಲೇ ಹಾಡು ಊರೂರು ಸುತ್ತಿ ಆಗಿತ್ತು. ನೀವು ಇವತ್ತು ಬರೆಯುವ ಹಾಡಿಗೆ ಆ ರಕ್ಷಣೆ ಉಂಟು. ಆದ್ರೆ ಬರೆದದ್ದು ನೀವು ಅಂತ ಎಲ್ಲಿಯಾದ್ರೂ ದಾಖಲಾಗಿರಬೇಕಲ್ಲ? ಹೆಸರು ಹಾಕುವುದು ಅಹಂಕಾರ ಅಲ್ಲ, ಲೆಕ್ಕ ಇಡುವುದು.

ಹಾಗಾಗಿ ಮೂರೇ ಮೂರು ಕೇಳಿಕೆ.

ಒಂದು. ಶಾರದೋತ್ಸವದ ರಸಮಂಜರಿ ಇರಲಿ, ಕಾಲೇಜ್ ಡೇ ಇರಲಿ, ಹಾಡುವ ಮೊದಲು ಬರೆದವರ, ಸಂಗೀತ ಮಾಡಿದವರ ಹೆಸರು ಮೈಕಲ್ಲಿ ಹೇಳಿ. ಐದು ಸೆಕೆಂಡ್ ಸಾಕು.

ಎರಡು. ಕವರ್ ಹಾಕಿದ್ರೆ ಕ್ಯಾಪ್ಷನಲ್ಲಿ ಆ ಎರಡು ಹೆಸರು ಹಾಕಿ. ನಟನ ಹೆಸರಿನ ಹ್ಯಾಶ್‌ಟ್ಯಾಗ್ ಆಮೇಲೆ.

ಮೂರು. ಇದು ನೋಟ್ಸ್ ಪುಸ್ತಕದ ಕೊನೆ ಪೇಜಲ್ಲಿ ಹಾಡು ಬರೆದು ಯಾರಿಗೂ ತೋರಿಸದೆ ಇಟ್ಟವರಿಗೆ. ಉಜಿರೆ, ಮೂಡುಬಿದಿರೆ, ಬಿ.ಸಿ. ರೋಡ್, ಎಲ್ಲ ಹಾಸ್ಟೆಲಲ್ಲೂ ನೀವು ಇದ್ದೀರಿ. ತುಳುವಲ್ಲಿ ಬರೆದಿರಬಹುದು, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ, ನಮ್ಮ ‘ಎಂತ ಮಾರಾಯ’ ಕನ್ನಡದಲ್ಲಿ. ಈ ವರ್ಷ ಫೆಸ್ಟಲ್ಲಿ ಹತ್ತು ಹಿಂದಿ ಕವರಿನ ಮಧ್ಯೆ ನಿಮ್ಮದೊಂದು ಹಾಡಿ. ಜೊತೆಗೆ ನಾಟಕವನ್ನೂ ಮಾಡಿ, ಶಾರ್ಟ್ ಫಿಲ್ಮನ್ನೂ ಮಾಡಿ, ತಾಳಮದ್ದಳೆಗೂ ಹೋಗಿ ಕೂತ್ಕೊಳ್ಳಿ. “ಒಂದರಲ್ಲಿ ನಿಲ್ಲು” ಅಂದ್ರೆ ವಿಟ್ಲದ ಬೋರ್ಡ್ ತೋರಿಸಿ.

ಮುಂದಿನ ಕಂತು ನಿಮ್ಮದು. ನಿಮ್ಮ ಊರಲ್ಲಿ ಹಾಡು ಕಟ್ಟಿದವರು ಯಾರು? ಭಜನಾ ಮಂಡಳಿಯವರಾಗಲಿ, ಗದ್ದೆಯಲ್ಲಿ ಪಾಡ್ದನ ಹೇಳುವ ಅಜ್ಜಿಯಾಗಲಿ, ಅವರನ್ನು ಕೇಳಿ, ಅವರು ಒಪ್ಪಿದ್ರೆ ಮಾತ್ರ ಡಿಎಮ್ ಮಾಡಿ. ಇಲ್ಲಿ ಹೆಸರು ಹಾಕಿಯೇ ಹಾಕ್ತೇನೆ.

#ನಮ್ಮಮೂರುತಾಲೂಕು #ವಿಟ್ಲ #ಬಂಟ್ವಾಳ #ಬೆಳ್ತಂಗಡಿ #ಮೂಡುಬಿದಿರೆ #ಬರೆದವರಹೆಸರುಹೇಳಿ