ನಿಂತು ಹೋಗುವವರ ಲಾಭ-ನಷ್ಟ

ಉರ್ದುವಿನಲ್ಲಿ ಪ್ರಯಾಣಕ್ಕೆ ಸಫರ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಅದೇ ಸದ್ದಿನ ಪದಕ್ಕೆ ನರಳು ಎಂದರ್ಥ. ನಮ್ಮ ಮನೆಗಳಲ್ಲಿ ಇದು ಸವೆದುಹೋದ ತಮಾಷೆ. ಆದರೂ ಬೆಳಗಿನ ಬಸ್ಸಿನ ಮೆಟ್ಟಿಲ ಮೇಲೆ ಒಂಟಿ ಕಾಲೂರಿ ನಿಂತಾಗ ದಿನವೂ ನೆನಪಾಗುತ್ತದೆ.

ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್, ಪಿರಿಯಾಪಟ್ಟಣದಿಂದ ಸುಮಾರು 70. ಕೆ.ಆರ್. ನಗರದಿಂದ 40ರ ಆಸುಪಾಸು, ಎಚ್.ಡಿ. ಕೋಟೆಯಿಂದ 50ರ ಆಸುಪಾಸು. ಕೆ.ಆರ್. ನಗರದವರಿಗೆ ಅರಸೀಕೆರೆ ಮಾರ್ಗದ ರೈಲಾದರೂ ಉಂಟು. ಉಳಿದ ಮೂರು ಊರುಗಳಲ್ಲಿ ರೈಲು ನಿಲ್ದಾಣವೇ ಇಲ್ಲ, ಬಸ್ಸೇ ಗತಿ. ಕಚೇರಿಯ ಗುಮಾಸ್ತರು, ಬಟ್ಟೆ ಅಂಗಡಿಯ ಹುಡುಗರು, ಆಸ್ಪತ್ರೆಯ ಆಯಾಗಳು, ಗಾರೆ ಕೆಲಸದವರು, ಕಾಲೇಜಿನ ಮಕ್ಕಳು ಎಲ್ಲ ಸೇರಿ ಈ ದಾರಿಗಳಲ್ಲಿ ದಿನಾ ಹೋಗಿಬರುವ 'ನಾವು' ಆಗಿದ್ದೇವೆ.

ನಮಗೆ ಉಪದೇಶ ಮಾಡುವವರಿಗೇನೂ ಬರವಿಲ್ಲ. ಪ್ರಯಾಣದ ಹೊತ್ತು ದಂಡವೆಂದು ಕೊರಗಬೇಡಿ, ಪುಸ್ತಕ ಓದಿ, ಸಂಗೀತ ಕೇಳಿ, ಧ್ಯಾನ ಮಾಡಿ ಎನ್ನುತ್ತಾರೆ. ಸ್ವಾಮಿ, ಒಂದು ಕೈ ಮೇಲಿನ ಕಂಬಿಯಲ್ಲಿದೆ, ಇನ್ನೊಂದರಲ್ಲಿ ಊಟದ ಡಬ್ಬಿ. ಪುಸ್ತಕ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರೋಣ? ಇದು ಕೂತವರು ಕೂತವರಿಗಾಗಿ ಹೇಳಿದ ಮಾತು.

ಹಾಗೆಂದು ನಮಗೆ ಲಾಭವೇ ಇಲ್ಲವೆಂದಲ್ಲ. ಮೈಸೂರಿನಲ್ಲಿ ಮನೆ ಹಿಡಿದರೆ ಸಂಬಳದ ದೊಡ್ಡ ಪಾಲು ಬಾಡಿಗೆಗೆ ಹೋಗುತ್ತದೆ. ಅದಕ್ಕೂ ಮೊದಲು ಮನೆ ಸಿಗಬೇಕಲ್ಲ! ಹೆಸರು ಕೇಳಿದ ಮೇಲೆ 'ಖಾಲಿ ಇಲ್ಲ' ಎನ್ನುವವರ ಬಾಗಿಲಲ್ಲಿ ನಿಲ್ಲುವುದಕ್ಕಿಂತ ಬಸ್ಸಿನಲ್ಲಿ ನಿಲ್ಲುವುದು ಮೇಲು. ಬಸ್ಸು ಹೆಸರು ಕೇಳುವುದಿಲ್ಲ. ಕೆಲಸ ಮೈಸೂರಿನಲ್ಲಿದ್ದರೂ ರಾತ್ರಿ ವಯಸ್ಸಾದ ತಾಯಿಯ ಜೊತೆ ಕೂತು ಉಣ್ಣಬಹುದು. ಇನ್ನು ಹೊಗೆಸೊಪ್ಪಿನ ಹರಾಜಿನಲ್ಲಿ ಸಿಕ್ಕ ಬೆಲೆ, ಮಗಳ ಮದುವೆಯ ಸಾಲ, ಅತ್ತೆಯ ಕಾಟ ಎಲ್ಲವೂ ನಮ್ಮ ಭುಜದ ಮೇಲೇ ನಡೆಯುವ ಮಾತುಕತೆ. ನಾವು ಬರೆದ ಕಥೆಗಳ ಅರ್ಧ ಪಾತ್ರಗಳು ಬಿಳಿಕೆರೆಗೂ ಇಲವಾಲಕ್ಕೂ ನಡುವೆ ಬಸ್ಸು ಹತ್ತಿದವರೇ. ಜಾತಿ, ಧರ್ಮ ನೋಡಿ ಮನೆ ಕೊಡುವ ಕಾಲದಲ್ಲಿ ಒಬ್ಬರ ಬೆವರು ಒಬ್ಬರಿಗೆ ತಾಗುವಂತೆ ಒಂದೂವರೆ ಗಂಟೆ ಜೊತೆಗಿರುವುದು ಸಣ್ಣ ಲಾಭವಲ್ಲ.

ಈ ಲಾಭ ಹೆಂಗಸರಿಗೂ ಸಿಕ್ಕಿತು ನೋಡಿ, ಅಲ್ಲಿಂದ ಗಂಡಸರ ಗೋಳು ಶುರುವಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. 'ಕೆಲಸವಿಲ್ಲದೆ ತಿರುಗುತ್ತಾರೆ, ನಮ್ಮ ಸೀಟು ಕಸಿದರು' ಎಂಬ ಮಾತು ಅಂದಿನಿಂದ ಬಸ್ಸು ತುಂಬ ಕೇಳುತ್ತಿದೆ. 2025ರ ಜನವರಿಯಲ್ಲಿ ದರ ಶೇ. 15ರಷ್ಟು ಏರಿದಾಗ ಮಾತು ಇನ್ನಷ್ಟು ಖಾರವಾಯಿತು: 'ದುಡ್ಡು ಕೊಟ್ಟವರು ನಿಲ್ಲಬೇಕು, ಬಿಟ್ಟಿ ಬಂದವರು ಕೂರಬೇಕು.' ಸುಳ್ಳೇಕೆ, ನಾವೂ ಹೀಗೆ ಗೊಣಗಿದವರೇ.

ಆದರೆ ಕತ್ತಲಿರುವಾಗಲೇ ಎದ್ದು, ಅಡಿಗೆ ಮುಗಿಸಿ, ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಹಿಡಿದು ಮೈಸೂರಿನ ಆಸ್ಪತ್ರೆಯ ನೆಲ ಒರೆಸಲು ಹೋಗುವವಳು ಕೆಲಸವಿಲ್ಲದವಳೇ? ಮೊದಲು ಅವಳ ಕೂಲಿಯಲ್ಲಿ ಬಸ್ಸಿನ ಪಾಲು ತೆಗೆದರೆ ಮನೆಗೆ ಉಳಿಯುತ್ತಿದ್ದುದೆಷ್ಟು? ಬಿಟ್ಟಿ ಎನ್ನುತ್ತೀರಿ. ಸೋಪು, ಎಣ್ಣೆ ಕೊಳ್ಳುವಾಗ ಅವಳೂ ತೆರಿಗೆ ಕಟ್ಟುತ್ತಾಳೆ. ಇನ್ನು ಯಾರೋ ತವರಿಗೋ ದೇವಸ್ಥಾನಕ್ಕೋ ದರ್ಗಾಕ್ಕೋ ಹೋದರೆ ಹೋಗಲಿ ಬಿಡಿ. ಗಂಡಸರು ಬಸ್ಸು ಹತ್ತುವಾಗ ಯಾಕೆ ಹೋಗುತ್ತೀರೆಂದು ಯಾರಾದರೂ ಕೇಳಿದ್ದುಂಟೇ?

ನಮ್ಮ ಮೊಹಲ್ಲಾದ ಹಿರಿಯರಿಗೂ ಒಂದು ಮಾತು. ಇಷ್ಟು ನೂಕುನುಗ್ಗಲಿನಲ್ಲಿ ಹೆಣ್ಣುಮಗು ದಿನಾ ಹೇಗೆ ಹೋಗುತ್ತಾಳೆ, ಪಿಯುಸಿ ಸಾಕು ಎನ್ನುತ್ತೀರಿ. ನಮ್ಮ ಬೀದಿಯಲ್ಲೇ ಒಬ್ಬಳ ಓದು ಹೀಗೆ ನಿಂತಿತು. ನೂಕುನುಗ್ಗಲು ನಿಜ. ಅದಕ್ಕೆ ಮದ್ದು ಇನ್ನೊಂದು ಬಸ್ಸು ಕೇಳುವುದೇ ಹೊರತು ಮಗಳನ್ನು ಮನೆಯಲ್ಲಿ ಕೂರಿಸುವುದಲ್ಲ. ಹೆಂಗಸರು ಹತ್ತಿದ್ದಕ್ಕೆ ಸಿಟ್ಟಾಗುವ ಬಸ್ಸಿನ ಗಂಡಸರೂ, ಹತ್ತಬೇಡ ಎನ್ನುವ ಮನೆಯ ಗಂಡಸರೂ ಕೊನೆಗೆ ಒಂದೇ ಮಾತು ಆಡುತ್ತಿದ್ದಾರೆ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿ 1974ರಲ್ಲಿ ಭೂಸುಧಾರಣೆ ತಂದರು. ಉಳುವವನಿಗೆ ಭೂಮಿ ಸಿಕ್ಕಾಗಲೂ ತಮ್ಮದು ಹೋಯಿತೆಂದು ಹಲುಬಿದವರಿದ್ದರು. ಅದೇ ಮಣ್ಣಿನವರಾದ ನಾವು ಒಂದು ಸೀಟಿಗಾಗಿ ಹಲುಬುವುದು ಚೆನ್ನಾಗಿ ಕಾಣುವುದಿಲ್ಲ.

ಮೊನ್ನೆ ಶೂನ್ಯ ದರದ ಟಿಕೆಟ್ಟನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದ ಮುದುಕಿಯೊಬ್ಬಳು ನಮ್ಮನ್ನು ನೋಡಿ, 'ಬನ್ನಿ ಸಾಬ್ರೇ, ಒಸಿ ಜರುಗ್ತೀನಿ, ಕೂತ್ಕಳಿ' ಎಂದಳು. ಮೂವರ ಸೀಟಿನಲ್ಲಿ ನಾಲ್ವರಾದೆವು. ಆ ಮುದುಕಿಯ ಜೊತೆ ಜಗಳವಾಡುವುದೆಂತು?

ಜಗಳ ಆಡಬೇಕಾದ ಕಡೆ ಆಡೋಣ. ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಐದರಿಂದ ಎಂಟು, ಈ ಹೊತ್ತಿನಲ್ಲಿ ನಾಲ್ಕೂ ತಾಲ್ಲೂಕಿಗೆ ಬಸ್ಸು ಹೆಚ್ಚಬೇಕು. ದುಡಿದು ತಡವಾಗಿ ಮರಳುವವಳಿಗೆ ಕೊನೆಯ ಬಸ್ಸು ಖಾತರಿಯಾಗಿ ಇರಬೇಕು. ಉಚಿತ ಟಿಕೆಟ್ ಕೊಟ್ಟ ಸರಕಾರ ಬಸ್ಸನ್ನೂ ಕೊಡಬೇಕು. ಈ ಅರ್ಜಿಗೆ ಗಂಡಸರು, ಹೆಂಗಸರು ಒಟ್ಟಿಗೆ ಸಹಿ ಹಾಕೋಣ. ಸೀಟು ಸಿಕ್ಕ ದಿನ ಪುಸ್ತಕ ಓದುತ್ತೇವೆ.