ಬಹಿಷ್ಕಾರದ ದಿನ ರಾಗಿ ತಂದವರು



ನಮ್ಮ ಕೇರಿಗೆ ಬಹಿಷ್ಕಾರ ಹಾಕಿದ ಕತೆಯನ್ನು ತಾತ ಹೇಳುತ್ತಿದ್ದ. ಜಾತ್ರೆಯಲ್ಲಿ ತಮಟೆ ಬಡಿಯೋದಿಲ್ಲ ಅಂದದ್ದೇ ತಪ್ಪು. ಮಾರನೇ ದಿನ ಅಂಗಡಿಯವನು ಉಪ್ಪು ಕೊಡಲಿಲ್ಲ. ಗಿರಣಿಯವನು ಹಿಟ್ಟು ಬೀಸಲಿಲ್ಲ. ಕೂಲಿಗೆ ಯಾರೂ ಕರೆಯಲಿಲ್ಲ. ಒಂದು ಏಟೂ ಬೀಳಲಿಲ್ಲ, ಒಲೆ ಆರಿಸಿದರು ಅಷ್ಟೆ. ಹದಿನೈದು ದಿನಕ್ಕೆ ಮಕ್ಕಳ ಮುಖ ನೋಡಿ ದೊಡ್ಡವರೇ ಸೋಲತೊಡಗಿದರು. ಆಗ ಎರಡು ಕಡೆಯಿಂದ ಸಹಾಯ ಬಂತು. ಪಕ್ಕದೂರಿನ ನೆಂಟರು ಗಾಡಿ ಕಟ್ಟಿಕೊಂಡು ಬಂದು ರಾಗಿ ಮೂಟೆ ಇಳಿಸಿ, ಏನೂ ಕೇಳದೆ ಹೋದರು. ಟೌನಿನ ಪುಢಾರಿಯೊಬ್ಬ ಅಕ್ಕಿ ಮೂಟೆ ಇಳಿಸಿ, ಮುಂದಿನ ಎಲೆಕ್ಷನ್ನಿಗೆ ದೇವರ ಮುಂದೆ ಆಣೆ ಮಾಡಿಸಿಕೊಂಡ.

"ಎರಡೂ ಹೊಟ್ಟೆ ತುಂಬಿಸ್ತು ಕಣಪ್ಪಾ. ಆದ್ರೆ ರಾಗಿ ತಿಂದು ನಾವು ಊರಿನ ಮುಂದೆ ನಿಂತ್ವಿ. ಅಕ್ಕಿ ತಿಂದು ಪುಢಾರಿ ಮುಂದೆ ಕೂತ್ವಿ" ಅನ್ನುತ್ತಿದ್ದ ತಾತ.

ರಾಮಮೂರ್ತಿ ನಗರದ ಬಾಡಿಗೆ ರೂಮಿನಲ್ಲಿ ಪೇಪರಿನ ವಿದೇಶ ಪುಟ ಓದುವಾಗಲೆಲ್ಲ ನನಗೆ ಈ ಮಾತೇ ನೆನಪಾಗುತ್ತೆ. ದೇಶಗಳ ನಡುವೆಯೂ ಊರು ಇದೆ, ಕೇರಿ ಇದೆ. 1990ರ ನವೆಂಬರಿನಲ್ಲಿ ಇರಾಕಿನ ಮೇಲೆ ಬಲಪ್ರಯೋಗಕ್ಕೆ ಒಪ್ಪಿಗೆ ಕೊಡುವ ನಿರ್ಣಯ ಭದ್ರತಾ ಮಂಡಳಿಗೆ ಬಂದಾಗ ಬಡ ಯೆಮನ್ ವಿರೋಧವಾಗಿ ಕೈ ಎತ್ತಿತು. ಅಮೆರಿಕ ಅದಕ್ಕೆ ಕೊಡುತ್ತಿದ್ದ ನೆರವನ್ನೇ ಕತ್ತರಿಸಿತು. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ದೇಶಕ್ಕೊಂದು ವೋಟು, ದೊಡ್ಡವನಿಗೂ ಒಂದೇ, ಚಿಕ್ಕವನಿಗೂ ಒಂದೇ. ಆದರೆ ವೋಟು ಹಾಕಿ ಮನೆಗೆ ಬಂದ ಮೇಲೆ ಒಲೆ ಉರಿಯಬೇಕಲ್ಲ? ವೋಟಿನಲ್ಲಿ ಸಮಾನತೆ ಇದ್ದು ಬದುಕಿನಲ್ಲಿ ಅಸಮಾನತೆ ಇದ್ದರೆ ಆ ವೋಟಿಗೇ ಅಪಾಯ ಎಂದು ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಅದು ದೇಶಗಳಿಗೂ ಸಲ್ಲುವ ಮಾತು.

ನಮ್ಮ ದೇಶವೂ ಒಂದು ಕಾಲಕ್ಕೆ ಈ ಕೇರಿಯಲ್ಲೇ ಇತ್ತು. ಅರವತ್ತು ಎಪ್ಪತ್ತರ ದಶಕದಲ್ಲಿ ಸರ್ಕಾರಿ ಸ್ಕೂಲಿಗೆ ಹೋದವರನ್ನು ಕೇಳಿ ನೋಡಿ. ಅಮೆರಿಕದ ಗೋಧಿಯ ಉಪ್ಪಿಟ್ಟು, ಹಾಲಿನ ಪುಡಿ, ತಟ್ಟೆ ಹಿಡಿದು ನಿಂತ ಸಾಲು ಎಲ್ಲ ಹೇಳುತ್ತಾರೆ. ಆ ಉಪ್ಪಿಟ್ಟನ್ನು ನಾನು ಹೀಗಳೆಯೋದಿಲ್ಲ. ನಮ್ಮ ತಾಯಂದಿರು ಅದಕ್ಕಾಗಿಯಾದರೂ ಮಕ್ಕಳನ್ನು ಸ್ಕೂಲಿಗೆ ಅಟ್ಟಿದರು. ಆದರೆ ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿತ್ತು? 1965 ಮತ್ತು 1966ರಲ್ಲಿ ಮಳೆ ಕೈಕೊಟ್ಟಿತು. 1966ರಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯ ಹೊರಗಿನಿಂದ ತರಬೇಕಾಯಿತು. ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ಭಾರತ ಟೀಕಿಸಿದ್ದು ಅಮೆರಿಕದ ಅಧ್ಯಕ್ಷ ಜಾನ್ಸನ್‌ಗೆ ಹಿಡಿಸಲಿಲ್ಲ. ಆತ ಗೋಧಿಯನ್ನು ಒಂದೇ ಸಲಕ್ಕೆ ಬಿಡದೆ, ತಿಂಗಳು ತಿಂಗಳಿಗೆ ಲೆಕ್ಕ ಹಾಕಿ ಬಿಟ್ಟ. ಅದೇ ವರ್ಷದ ಜೂನ್‌ನಲ್ಲಿ, ನೆರವು ಕೊಡುವವರ ಒತ್ತಡದ ನಡುವೆ, ರೂಪಾಯಿಯ ಬೆಲೆ ಇಳಿಸಬೇಕಾಯಿತು. ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು 7 ರೂಪಾಯಿ 50 ಪೈಸೆ ಆಯಿತು.

ಅದೇ 1966ರಲ್ಲಿ ಇನ್ನೊಂದು ಹಡಗೂ ಬಂತು. ಅದರಲ್ಲಿ ಮೆಕ್ಸಿಕೋದ 18,000 ಟನ್ ಬಿತ್ತನೆ ಗೋಧಿ ಇತ್ತು. ತಿಂದು ಮುಗಿಸುವ ಗೋಧಿಯಲ್ಲ, ಬಿತ್ತುವ ಗೋಧಿ. ಐದಾರು ವರ್ಷ ಕಳೆಯಿತು. 1971ರ ಡಿಸೆಂಬರಿನಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಅಮೆರಿಕ ನೆರವು ನಿಲ್ಲಿಸಿತು, ಬಂಗಾಳ ಕೊಲ್ಲಿಯ ಕಡೆಗೆ ಯುದ್ಧನೌಕೆ ಕಳಿಸಿತು. ಭಾರತ ಬಗ್ಗಲಿಲ್ಲ. ಸೋವಿಯತ್ ಒಪ್ಪಂದದ ಬಲ ಇತ್ತು ನಿಜ. ಕಣಜದಲ್ಲಿ ಸ್ವಂತ ಗೋಧಿಯೂ ಇತ್ತು.

ನಮ್ಮ ರಾಗಿಯ ಕತೆಯೂ ಹೀಗೇ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯ ಜೊತೆ ಸಂಕರ ಮಾಡಿ ಹೊಸ ತಳಿ ತಂದರು. ಹೆಸರೇ ಇಂಡಾಫ್: ಇಂಡಿಯಾ ಮತ್ತು ಆಫ್ರಿಕಾ. ಇಳುವರಿ ಏರಿತು. ಹಾಸ್ಟೆಲ್ಲಿನಲ್ಲಿ ನೀವು ನುಂಗುವ ಮುದ್ದೆಯಲ್ಲಿ ಕರಿಯ ಖಂಡದ ಋಣ ಇದೆ. ಅದಕ್ಕೆ ಆಫ್ರಿಕಾದವರು ನಮ್ಮಿಂದ ಯಾವ ಆಣೆಯನ್ನೂ ಮಾಡಿಸಿಕೊಂಡಿಲ್ಲ.

ಇದರಲ್ಲಿ ಇನ್ನೊಂದು ಸತ್ಯವೂ ಇದೆ, ಮುಚ್ಚಿಡಬಾರದು. ಆ ಬೀಜಗಳೆಲ್ಲ ಬಿದ್ದದ್ದು ಭೂಮಿ ಇದ್ದವನ ಹೊಲಕ್ಕೆ. ದೇಶ ನೆಟ್ಟಗಾಯಿತು, ಕೂಲಿಯವನು ಬಗ್ಗಿಯೇ ಕಳೆ ಕಿತ್ತ. ಹಾಗಾಗಿ ಚಿಕ್ಕ ದೇಶಕ್ಕೆ ಕೊಟ್ಟದ್ದು ಆ ದೇಶದ ಕೇರಿಗೆ ಮುಟ್ಟಿತೇ ಅಂತಲೂ ನಾವು ಕೇಳಬೇಕು.

ಈಗ ನಮ್ಮದೇ ಸರದಿ. ಭಾರತ ಇವತ್ತು ಕೊಡುವ ಕೈ. ಒತ್ತುವ ಕೈಯೂ ಹೌದೇ? 2015ರ ಸೆಪ್ಟೆಂಬರಿನಲ್ಲಿ ನೇಪಾಳ ಹೊಸ ಸಂವಿಧಾನ ತಂದಾಗ ಗಡಿಯಲ್ಲಿ ಲಾರಿಗಳು ನಿಂತವು. ಗ್ಯಾಸ್ ಇಲ್ಲ, ಪೆಟ್ರೋಲ್ ಇಲ್ಲ, ಔಷಧಿಗೆ ಪರದಾಟ. ನಾವು ತಡೆದಿಲ್ಲ, ಮಧೇಶಿಗಳ ಹೋರಾಟದಿಂದ ಹೀಗಾಗಿದೆ ಎಂದಿತು ಭಾರತ. ಮಧೇಶಿಗಳ ನೋವು ನಿಜವೇ. ಆದರೆ ನೇಪಾಳದ ಜನ ಭಾರತದ ಮಾತು ನಂಬಲಿಲ್ಲ. ಚೀನಾ 1,000 ಟನ್ ಪೆಟ್ರೋಲ್ ದಾನ ಕೊಟ್ಟಿತು. 2016ರ ಮಾರ್ಚಿನಲ್ಲಿ ನೇಪಾಳ ಚೀನಾದೊಡನೆ ಸಾಗಣೆ ಒಪ್ಪಂದ ಮಾಡಿಕೊಂಡಿತು. ಅದೇ ಚೀನಾ 2021ರಲ್ಲಿ ಮಾಡಿದ್ದೇನು? ಲಿಥುವೇನಿಯಾ ಎಂಬ ಪುಟ್ಟ ದೇಶ ತನ್ನಲ್ಲಿ ತೈವಾನ್ ಹೆಸರಿನ ಕಚೇರಿ ತೆರೆಯಲು ಬಿಟ್ಟಿತೆಂದು ಅದರ ಸರಕನ್ನೆಲ್ಲ ಬಂದರಿನಲ್ಲೇ ತಡೆಯಿತು. ತಡೆದ ರಮ್ಮಿನ 20 ಸಾವಿರ ಬಾಟಲಿಗಳನ್ನು ತೈವಾನ್ ಕೊಂಡುಕೊಂಡಿತು, 20 ಕೋಟಿ ಡಾಲರ್ ಬಂಡವಾಳ ನಿಧಿಯನ್ನೂ ಘೋಷಿಸಿತು. ತೈವಾನಿಗೂ ಸ್ವಾರ್ಥ ಇತ್ತು. ಆದರೂ ಬಹಿಷ್ಕಾರದ ದಿನ ಒಂದು ಗಾಡಿ ಬಂತು.

ಹಾಸ್ಟೆಲ್ ಗೆಳೆಯರು ಕೇಳುತ್ತಾರೆ: "ನಮ್ಮ ಸಾರೇ ನೀರು, ಸ್ಕಾಲರ್‌ಶಿಪ್ ವರ್ಷ ಕಳೆದರೂ ಬರೋಲ್ಲ, ಹೊರದೇಶಕ್ಕೆ ಯಾಕಣ್ಣಾ ಕೊಡಬೇಕು?" ಕೋಪ ನ್ಯಾಯವೇ. ಆದರೆ ಈ ಮಾತಿನ ರಾಗ ಎಲ್ಲೋ ಕೇಳಿದಂತಿಲ್ಲವೇ? "ಇವರಿಗೆ ಯಾಕೆ ಪುಕ್ಕಟೆ ಊಟ" ಎಂದು ನಮ್ಮ ಬಗ್ಗೆ ಆಡುವವರ ರಾಗ ಅದು. ಸಾರು ಗಟ್ಟಿಯಾಗಲು ವಾರ್ಡನ್ನನ್ನು, ಇಲಾಖೆಯನ್ನು ಹಿಡಿದು ಕೇಳೋಣ. ಮಾಲ್ಡೀವ್ಸ್, ಭೂತಾನ್ ಜನರ ತಟ್ಟೆಯ ಕಡೆ ಕೈ ತೋರಿಸುವುದು ಬೇಡ.

ಕೊಡುವುದು ಹೇಗೆ ಎಂಬುದೇ ಪ್ರಶ್ನೆ. ಭಾರತ ಹೊರದೇಶಗಳಿಗೆ ಕೊಡುವ ಸಾಲದಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲನ್ನು ನಮ್ಮ ಸರಕಿಗೇ ಖರ್ಚು ಮಾಡಬೇಕು. ಇದು ಶೆಟ್ಟರ ಅಂಗಡಿಯ ಖಾತೆ. 1964ರಿಂದ ಐಟೆಕ್ ಯೋಜನೆಯಲ್ಲಿ ಬೇರೆ ದೇಶದವರನ್ನು ಕರೆದು ಕೆಲಸ ಕಲಿಸಿ ಕಳಿಸುತ್ತಿದ್ದೇವೆ. ಇದು ಬಿತ್ತನೆ ಬೀಜ. ಎರಡನೆಯದು ಹೆಚ್ಚಬೇಕು. ಜೊತೆಗೆ, ಯಾರೇ ಬಹಿಷ್ಕಾರ ಹಾಕಲಿ, ಚಿಕ್ಕ ದೇಶಕ್ಕೆ ಆರು ತಿಂಗಳ ಧಾನ್ಯ, ಔಷಧಿ, ಎಣ್ಣೆ ಕೊಡುವ ಸಾಮೂಹಿಕ ಕಣಜವೊಂದು ಬಡ ದೇಶಗಳಿಗೇ ಸೇರಿದ್ದಾಗಿ ಇರಬೇಕು. ಬೀಗದ ಕೈ ಒಬ್ಬನ ಸೊಂಟದಲ್ಲಿ ಇರಬಾರದು. ನೆರವು ಪಡೆದವನು ನಾಳೆ ಕೊಟ್ಟವನಿಗೇ "ಆಗೋಲ್ಲ" ಅನ್ನಬಲ್ಲನೇ? ಅಂದರೂ ಅವನ ಒಲೆ ಉರಿಯುತ್ತದೆಯೇ? ನೆರವಿಗೆ ಇದೊಂದೇ ಪರೀಕ್ಷೆ ಸಾಕು.

1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಪಡೆದು ಅಂಬೇಡ್ಕರ್ ಅಮೆರಿಕಕ್ಕೆ ಹೋದರು. ಓದಿ ಬಂದು 1917ರಲ್ಲಿ ಬರೋಡಾದಲ್ಲಿ ಕೆಲಸಕ್ಕೆ ಸೇರಿದರೆ ಇರಲು ಒಂದು ಕೋಣೆ ಸಿಗಲಿಲ್ಲ. ಹಣ ಕೊಟ್ಟ ಊರೇ ಜಾಗ ಕೊಡಲಿಲ್ಲ.

ನಮ್ಮ ರಾಮಮೂರ್ತಿ ನಗರದಲ್ಲೂ ಓದಲು ಬಂದ ಆಫ್ರಿಕಾದ ಹುಡುಗರು 'ಮನೆ ಬಾಡಿಗೆಗೆ ಇದೆ' ಬೋರ್ಡಿನ ಮುಂದೆ ನಿಲ್ಲುತ್ತಾರೆ. ಬಣ್ಣ ನೋಡಿ "ಆಗಲೇ ಕೊಟ್ಟಾಯ್ತು" ಅನ್ನುವುದನ್ನು ನಾನೇ ಕೇಳಿದ್ದೇನೆ. ಅದೇ ಬೀದಿಯಲ್ಲಿ ಜಾತಿ ಕೇಳಿ ನನಗೂ ಹಾಗೇ ಅಂದಿದ್ದರು. ಮುಂದಿನ ಸಲ ಅಂಥ ಹುಡುಗ ಸಿಕ್ಕರೆ ನಿಮ್ಮ ರೂಮಿಗೆ ಕರೆದು ಮುದ್ದೆ ಬಡಿಸಿ. ಆ ರಾಗಿ ಅವನ ಕಡೆಯದೂ ಹೌದು ಅಂತ ಹೇಳಿ.