ಸ್ವಂತ ಬಾವಿಯೋ, ಊರ ನಳವೋ?

ಹೊನ್ನಾವರದ ಒಂದು ಪ್ರೌಢಶಾಲೆ ಎಂದಿಟ್ಟುಕೊಳ್ಳಿ. ಮಕ್ಕಳು ಎಂಟುನೂರು. ಅಂಕ, ಹಾಜರಿ, ಶುಲ್ಕದ ಲೆಕ್ಕಗಳನ್ನು ಪಾಲಕರು ಮನೆಯಲ್ಲೇ ಕುಳಿತು ನೋಡುವಂತಾಗಬೇಕೆಂದು ಆಡಳಿತ ಮಂಡಳಿಯವರ ಆಸೆ. ಅದೇ ಶಾಲೆಯಲ್ಲಿ ಕಲಿತು ಈಗ ಭಟ್ಕಳದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ನಾಲ್ವರು ಹುಡುಗ ಹುಡುಗಿಯರು, ‘ನಾವೇ ಪ್ರಾಜೆಕ್ಟ್ ಎಂದು ಮಾಡಿಕೊಡುತ್ತೇವೆ ಸರ್’ ಎಂದು ಮುಂದೆ ಬರುತ್ತಾರೆ. ಪುಟಗಳೇನೋ ಒಂದು ತಿಂಗಳಲ್ಲಿ ಸಿದ್ಧ. ಕೆಲಸ ನಿಲ್ಲುವುದು ಹೊಸ್ತಿಲಲ್ಲಿ. ಒಳಗೆ ಬರುತ್ತಿರುವವರು ನಿಜಕ್ಕೂ ಆ ಮಗುವಿನ ಪಾಲಕರೇ? ಅದನ್ನು ಪರೀಕ್ಷಿಸುವವರು ಯಾರು?

ಈ ಪರೀಕ್ಷೆಗೆ ದೃಢೀಕರಣ ಎಂದು ಹೆಸರು. ಅದಕ್ಕೆ ಬೇಕಾದ ತಂತ್ರಾಂಶ ಎರಡು ಬಗೆಯಲ್ಲಿ ಸಿಗುತ್ತದೆ. ಮೊದಲನೆಯದು, ನಮ್ಮದೇ ಸರ್ವರಿನಲ್ಲಿ ನಾವೇ ಇರಿಸಿಕೊಂಡು ನೋಡಿಕೊಳ್ಳುವಂಥದು. ರೆಡ್ ಹ್ಯಾಟ್ ಕಂಪನಿಯಲ್ಲಿ ಹುಟ್ಟಿ 2014ರಲ್ಲಿ ಹೊರಬಂದ ಕೀಕ್ಲೋಕ್ ಇದಕ್ಕೆ ಉದಾಹರಣೆ. ಇದು ಉಚಿತ, ಇದರ ಮೂಲ ಸಂಕೇತ ಎಲ್ಲರಿಗೂ ಮುಕ್ತ. ಎರಡನೆಯದು, ದೊಡ್ಡ ಕಂಪನಿಗಳು ತಮ್ಮ ಯಂತ್ರಗಳಲ್ಲಿ ನಡೆಸಿ ನಮಗೆ ಬಾಡಿಗೆಗೆ ಕೊಡುವ ಕ್ಲೌಡ್ ಸೇವೆ. ಗೂಗಲ್‌ನ ಫೈರ್‌ಬೇಸ್, ಅಮೆಜಾನ್‌ನ ಕಾಗ್ನಿಟೋ, ಓಕ್ಟಾದ ಆಥ್‌ಝೀರೋ ಈ ಸಾಲಿನವು. ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ: ಒಂದು ಹಿತ್ತಲಿನ ಬಾವಿ, ಇನ್ನೊಂದು ಊರ ನಳ.

‘ಎರಡೂ ಬೇಡ, ಪಾಸ್‌ವರ್ಡ್ ಕೇಳಿ ಹೋಲಿಸಿ ನೋಡುವ ನಾಲ್ಕು ಸಾಲು ನಾವೇ ಬರೆದರಾಯಿತು’ ಎಂದು ವಿದ್ಯಾರ್ಥಿಗಳಿಗೆ ಅನ್ನಿಸುವುದು ಸಹಜ. ಹಾಗೆ ಮಾಡಿ ಕೆಟ್ಟವರ ಕಥೆ ಪಾಸ್‌ವರ್ಡಿನಷ್ಟೇ ಹಳೆಯದು. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೋ ಕಾರ್ಬಟೋ ಅವರ ತಂಡ 1961ರಲ್ಲಿ ಅನೇಕರು ಒಂದೇ ಗಣಕವನ್ನು ಹಂಚಿಕೊಳ್ಳುವ ವ್ಯವಸ್ಥೆಯನ್ನು ರೂಪಿಸಿ, ಒಬ್ಬೊಬ್ಬರಿಗೂ ಒಂದು ಪಾಸ್‌ವರ್ಡ್ ಕೊಟ್ಟಿತು. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ಗಣಕದಲ್ಲಿ ಇನ್ನಷ್ಟು ಸಮಯ ಬೇಕೆಂದು, ಪಾಸ್‌ವರ್ಡ್‌ಗಳ ಕಡತವನ್ನೇ ಮುದ್ರಿಸಿ ಕೊಡುವಂತೆ ಪಂಚ್ ಕಾರ್ಡ್ ಮೂಲಕ ಯಂತ್ರವನ್ನು ಕೇಳಿದ. ಅದು ಕೊಟ್ಟಿತು!

ಆದ್ದರಿಂದ ಪಾಸ್‌ವರ್ಡ್‌ಗಳನ್ನು ಇದ್ದ ಹಾಗೆಯೇ ಇಡಬಾರದು. ಅಕ್ಕಿ ಬೀಸಿ ಹಿಟ್ಟು ಮಾಡಿದಂತೆ ಅವನ್ನು ಗಣಿತದ ಕಲ್ಲಿನಲ್ಲಿ ಬೀಸಿ ಇಡಬೇಕು. ಹಿಟ್ಟಿನಿಂದ ಅಕ್ಕಿಕಾಳು ಮರಳಿ ಬಾರದು. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಇಬ್ಬರ ಪಾಸ್‌ವರ್ಡ್ ಒಂದೇ ಇದ್ದರೂ ಹಿಟ್ಟು ಬೇರೆಯಾಗಲೆಂದು ಬೀಸುವ ಮೊದಲು ಒಬ್ಬೊಬ್ಬರದಕ್ಕೂ ಬೇರೆ ಬೇರೆ ಉಪ್ಪು ಬೆರೆಸಬೇಕು. ಸಾಣಿಕಟ್ಟಾದ ಉಪ್ಪಲ್ಲ, ಗಣಕ ಆರಿಸಿ ಕೊಡುವ ಅಡ್ಡಾದಿಡ್ಡಿ ಅಕ್ಷರಗಳು. ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲೇ ಇದನ್ನು ವಿವರಿಸಿ ಬರೆದರು. ಮೂವತ್ತು ವರ್ಷಗಳ ನಂತರ, 2009ರಲ್ಲಿ, ರಾಕ್‌ಯೂ ಎಂಬ ಕಂಪನಿಯಿಂದ ಕಳುವಾದ 3 ಕೋಟಿ 20 ಲಕ್ಷ ಪಾಸ್‌ವರ್ಡ್‌ಗಳು ಬೀಸದ ಅಕ್ಕಿಯಂತೆ ಇದ್ದವು. ದೊಡ್ಡವರೇ ಹೀಗೆ ಎಡವಿದ ಮೇಲೆ, ಈ ಭಾಗವನ್ನು ಕೈಯಾರೆ ಬರೆಯುವ ಹಟ ಬೇಡ. ಹಾಗಾಗಿ ಆಯ್ಕೆ ಇರುವುದು ಬಾವಿ ಮತ್ತು ನಳದ ನಡುವೆ ಮಾತ್ರ.

ಈ ಆಯ್ಕೆ ನಮ್ಮ ಜಿಲ್ಲೆಗೆ ಹೊಸತೇನೂ ಅಲ್ಲ. ಪಹಣಿಯ ಕತೆಯನ್ನೇ ನೋಡಿ. ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ಬಂದಾಗ ರಾಜ್ಯದ ಒಂದೊಂದು ತಾಲ್ಲೂಕು ಕಚೇರಿಯಲ್ಲೂ ಒಂದೊಂದು ಸರ್ವರ್ ಇತ್ತು. ಖಾತೆ ಬದಲಿಸುವ ನೌಕರರು ಬೆರಳಚ್ಚು ಒತ್ತಿದ ಮೇಲೆಯೇ ಗಣಕ ಒಳಗೆ ಬಿಡುತ್ತಿತ್ತು. ‘ನಾನು ಮಾಡಿದ್ದಲ್ಲ’ ಎಂದು ಆಮೇಲೆ ಜಾರಿಕೊಳ್ಳುವಂತಿಲ್ಲ. ಮುಂದೆ ದತ್ತಾಂಶವೆಲ್ಲ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋಯಿತು. ತಾಲ್ಲೂಕಿಗೊಂದರಂತೆ ಯಂತ್ರ, ಯುಪಿಎಸ್, ಬ್ಯಾಕಪ್ ಕಾಯುವ ತಲೆನೋವು ತಪ್ಪಿತು. ಆದರೆ ‘ಸರ್ವರ್ ಡೌನ್’ ಎಂದರೆ ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಕಡೆ ಒಂದೇ ಹೊತ್ತಿಗೆ ಜನ ಸರದಿಯಲ್ಲಿ ನಿಲ್ಲುವಂತಾಯಿತು.

ದೊಡ್ಡ ನಳವೂ ಒಮ್ಮೊಮ್ಮೆ ನಿಲ್ಲುತ್ತದೆ. 2020ರ ಡಿಸೆಂಬರ್ 14ರಂದು ಜಿಮೇಲ್, ಯೂಟ್ಯೂಬ್ ಸೇರಿದಂತೆ ಗೂಗಲ್ ಸೇವೆಗಳು ಜಗತ್ತಿನಾದ್ಯಂತ ಸುಮಾರು 47 ನಿಮಿಷ ಕೈಕೊಟ್ಟವು. ಯಂತ್ರಗಳೇನೂ ಸುಟ್ಟಿರಲಿಲ್ಲ. ಬಳಕೆದಾರರ ಗುರುತು ಪರೀಕ್ಷಿಸುವ ವ್ಯವಸ್ಥೆಯೊಂದೇ ಕೆಟ್ಟಿತ್ತು. ದೃಢೀಕರಣವನ್ನೇ ಮಾರುವ ಓಕ್ಟಾ ಕಂಪನಿಯ ಗ್ರಾಹಕ ಸಹಾಯ ವಿಭಾಗದ ಕಡತಗಳಿಗೆ 2023ರಲ್ಲಿ ಕಳ್ಳರು ಕೈ ಹಾಕಿದ್ದೂ ಉಂಟು.

ಹಾಗಾದರೆ ಬಾವಿಯೇ ಲೇಸೇ? ಅದರ ಕಷ್ಟವನ್ನೂ ನೋಡೋಣ. 2022ರ ಆಗಸ್ಟ್ ಆರಂಭದ ಮಳೆಗೆ ಭಟ್ಕಳ ಪೇಟೆಯೇ ನೀರಿನಲ್ಲಿ ನಿಂತಿತ್ತು. ನೆಲಮಹಡಿಯ ಕೋಣೆಯಲ್ಲಿ ಸರ್ವರ್ ಇಟ್ಟವರ ಗತಿಯೇನು? ಆಷಾಢದಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಯುಪಿಎಸ್ ಎಷ್ಟು ಹೊತ್ತು ತಾಳೀತು? ಯಂತ್ರವನ್ನು ಬೇರೆಡೆ ಬಾಡಿಗೆಗೆ ಹಿಡಿದರೆ ಈ ಕಾಟ ತಪ್ಪೀತು. ಆದರೆ ಕೀಕ್ಲೋಕ್‌ನಂಥ ತಂತ್ರಾಂಶಕ್ಕೆ ಆಗಾಗ ಬರುವ ಭದ್ರತಾ ತಿದ್ದುಪಡಿಗಳನ್ನು ತಪ್ಪದೆ ಹಾಕುವವರು ಯಾರು? ತೇಪೆ ಹಾಕದ ಬಾಗಿಲು ಬಹುಕಾಲ ಮುಚ್ಚಿರದು.

ಅಸಲು ಪ್ರಶ್ನೆ ಇರುವುದು ಇಲ್ಲೇ. ಆ ನಾಲ್ವರು ಪರೀಕ್ಷೆ ಮುಗಿಸಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೋ ಪುಣೆಗೋ ಹೊರಡುತ್ತಾರೆ. ಸರ್ವರಿನ ಕೀಲಿ ಅವರಲ್ಲೊಬ್ಬರ ತಲೆಯಲ್ಲಿ ಮಾತ್ರ ಇದ್ದರೆ, ಎಂಟುನೂರು ಮಕ್ಕಳ ಹೆಸರು, ವಿಳಾಸ, ಅಂಕ, ಮನೆಯ ಫೋನ್ ಸಂಖ್ಯೆಗಳು ಕಾಯುವವರಿಲ್ಲದ ತೋಟದಂತಾಗುತ್ತವೆ.

ಇನ್ನೊಂದು ಸಂಗತಿ, ಓಟಿಪಿ. ಭಟ್ಕಳದ ಎಷ್ಟೋ ಮನೆಗಳಲ್ಲಿ ತಂದೆ ದುಬೈಯಲ್ಲಿ, ತಾಯಿ ಊರಿನಲ್ಲಿ. ಶಾಲೆಯ ದಾಖಲೆಯಲ್ಲಿ ಇರುವುದು ತಂದೆಯ ಸಂಖ್ಯೆ. ಇಲ್ಲಿ ತಾಯಿ ಅಂಕ ನೋಡಬೇಕೆಂದರೆ ಓಟಿಪಿ ಅಲ್ಲಿಗೆ ಹೋಗುತ್ತದೆ. ಊರಿನ ಸಿಮ್ ಬಹುಕಾಲ ರೀಚಾರ್ಜ್ ಆಗದೆ ಸತ್ತರೆ ಅದೇ ಸಂಖ್ಯೆ ಮುಂದೊಂದು ದಿನ ಬೇರೆಯವರಿಗೆ ಸಿಗುತ್ತದೆ, ಜೊತೆಗೆ ಓಟಿಪಿಯೂ. ಬಾವಿಯಿರಲಿ, ನಳವಿರಲಿ, ಒಂದು ಮಗುವಿಗೆ ಇಬ್ಬರು ಪಾಲಕರ ಖಾತೆ ತೆರೆಯಲು, ಸಂಖ್ಯೆ ಬದಲಾದಾಗ ಶಾಲಾ ಕಚೇರಿಯಲ್ಲಿ ಗುರುತು ತೋರಿಸಿ ತಿದ್ದಿಸಲು ದಾರಿ ಇರಲೇಬೇಕು. ಇದನ್ನು ಯಾವ ಕಂಪನಿಯೂ ತಾನಾಗಿ ಮಾಡಿಕೊಡುವುದಿಲ್ಲ.

ಕ್ಲೌಡಿಗೆ ಒಪ್ಪಿಸಿದ ಮಾತ್ರಕ್ಕೆ ಹೊಣೆ ತಪ್ಪಿತೆಂದೂ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೆಲಸವನ್ನು ಬೇರೆಯವರಿಂದ ಮಾಡಿಸಿದರೂ ಜವಾಬ್ದಾರಿ ಮಾಹಿತಿ ಪಡೆದ ಸಂಸ್ಥೆಯದೇ. ತಕ್ಕ ಭದ್ರತೆ ಒದಗಿಸದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ಇಷ್ಟೆಲ್ಲ ಅಳೆದು ನೋಡಿದರೆ, ಕಾಯಂ ಗಣಕ ಸಿಬ್ಬಂದಿ ಇಲ್ಲದ ಶಾಲೆಗೆ ನಳವೇ ಸರಿ. ಆದರೆ ಒಪ್ಪುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಉಚಿತದ ಮಿತಿ ಎಲ್ಲಿಯವರೆಗೆ, ಓಟಿಪಿ ಸಂದೇಶಕ್ಕೆ ಎಷ್ಟು ತಗಲುತ್ತದೆ? ಮಾಹಿತಿ ಯಾವ ದೇಶದ ಯಂತ್ರದಲ್ಲಿ ಕೂರುತ್ತದೆ? ನಾಳೆ ಬಿಟ್ಟು ಹೋಗುವಾಗ ಬೀಸಿದ ಪಾಸ್‌ವರ್ಡ್‌ಗಳನ್ನೂ ಒಯ್ಯಬಹುದೇ? ಫೈರ್‌ಬೇಸ್ ಒಯ್ಯಲು ಬಿಡುತ್ತದೆ, ಕಾಗ್ನಿಟೋ ಬಿಡುವುದಿಲ್ಲ. ಆಗ ಎಲ್ಲ ಪಾಲಕರೂ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಬೇಕು.

ಗಣಕ ವಿಭಾಗವೂ ಅದನ್ನು ನೋಡಿಕೊಳ್ಳುವ ಕಾಯಂ ನೌಕರರೂ ಇರುವ ದೊಡ್ಡ ಕಾಲೇಜು ಬಾವಿ ತೋಡಬಹುದು. ಬೇಸಿಗೆಯಲ್ಲಿ ಹೂಳೆತ್ತುವವರು ಅಲ್ಲಿದ್ದಾರೆ. ವಿದ್ಯಾರ್ಥಿಗಳಂತೂ ಕೀಕ್ಲೋಕನ್ನು ಪ್ರಯೋಗಾಲಯದಲ್ಲಿ ಹಾಕಿ, ಕೆಡಿಸಿ, ಮತ್ತೆ ಕಟ್ಟಿ ಕಲಿಯಲೇಬೇಕು. ಹೆಸರುಗಳು ಮಾತ್ರ ಕಲ್ಪಿತವಾಗಿರಲಿ, ನಿಜವಾದ ಮಕ್ಕಳದ್ದು ಬೇಡ.

ಪಾಲಕರು ತಂತ್ರಜ್ಞಾನ ತಿಳಿದಿರಬೇಕಿಲ್ಲ. ಮುಂದಿನ ಪಾಲಕರ ಸಭೆಯಲ್ಲಿ ಎದ್ದು ನಿಂತು, ‘ಇದನ್ನು ಮಾಡಿಕೊಟ್ಟ ಮಕ್ಕಳು ಊರು ಬಿಟ್ಟ ಮೇಲೆ ಕೀಲಿ ಯಾರ ಹತ್ತಿರ ಇರುತ್ತದೆ ಸರ್?’ ಎಂದು ಕೇಳಿದರೆ ಸಾಕು. ಆ ನಾಲ್ವರು ಕೂಡ ಹೊರಡುವ ಮುನ್ನ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಮುಖ್ಯಾಧ್ಯಾಪಕರ ಹೆಸರಿಗೆ ಖಾತೆ ವರ್ಗಾಯಿಸಿ, ತಮ್ಮ ಪ್ರವೇಶವನ್ನು ತಾವೇ ರದ್ದು ಮಾಡಬೇಕು. ಆಮೇಲೆ ಬಸ್ಸು ಹತ್ತಲಿ.